ಹದಿನೇಳನೇ ಬಟ್ಟಲು ಸೋರಲಿಲ್ಲ

ರಸ ಹಿಂಡಿದ ಕಬ್ಬಿನ ಸಿಪ್ಪೆಯಿಂದ ನಾನೇ ಮಾಡಿದ ಬಟ್ಟಲಿಗೆ 80 ಡಿಗ್ರಿ ನೀರು ಹಾಕಿ 20 ನಿಮಿಷ ಆಯಿತು. ತಳ ಇನ್ನೂ ಒಣಗೇ ಇದೆ! ಮೂರು ಸಲ ಬೆರಳಾಡಿಸಿ ನೋಡಿದೆ, ನಂಬಿಕೆ ಬರಲಿಲ್ಲ.

ಸಿಪ್ಪೆ ಬೇಯಿಸಿ, ತೊಳೆದು, ರುಬ್ಬಿ, ಅಚ್ಚಿನಲ್ಲಿ ಒತ್ತುವ ಕತೆ ಇರಲಿ, ಬಿಡಿ. ನನ್ನ ತಲೆ ತಿಂದಿದ್ದು ಸೋರಿಕೆ. ತಣ್ಣೀರು ರಾತ್ರಿಯಿಡೀ ನಿಲ್ಲುತ್ತಿತ್ತು. ಬಿಸಿನೀರು ಹಾಕಿದರೆ ನಾಲ್ಕೇ ನಿಮಿಷಕ್ಕೆ ಮೇಜು ಒದ್ದೆ.

ಸೋರದಿರಲಿ ಎಂದು ಬಟ್ಟಲಿಗೆ ಮೇಣ ಬಳಿಯುತ್ತಿದ್ದೆ. ಮೊದಲು ಬೈದದ್ದು ಆ ಮೇಣ ಮಾರಿದವನನ್ನು. ‘ಶುದ್ಧ ಜೇನುಮೇಣ’ ಅಂತ ಕೊಟ್ಟದ್ದು 55 ಡಿಗ್ರಿಗೇ ಕರಗಿತು. ಜೇನುಮೇಣ ಕರಗುವುದು 62ರಿಂದ 64ಕ್ಕೆ, ಅಲ್ವಾ? ಕೇಳಿದರೆ ‘ನಿಮ್ಮ ಥರ್ಮಾಮೀಟರ್ ಕೆಟ್ಟಿದೆ’ ಅಂದ. ಹೊಸದು ತಂದೆ. ಅದೂ 55 ಅಂದಿತು. ಆದರೆ ಅಸಲಿ ಮೇಣವಾಗಿದ್ದರೂ 80 ಡಿಗ್ರಿಗೆ ನಿಲ್ಲುತ್ತಿತ್ತಾ? ಸುಮ್ನೆ ಜಗಳವಾಡಿದೆ.

ಆಮೇಲೆ ಕಾರ್ನಾಬಾ ಮೇಣ ತಂದೆ, ಒಂದು ಜಾತಿಯ ತಾಳೆ ಎಲೆಯಿಂದ ತೆಗೆಯುವ ಗಟ್ಟಿ ಮೇಣ. ಅದು ಕರಗಲು 82 ಡಿಗ್ರಿಯಾದರೂ ಬೇಕು. ಆದರೂ ಸೋರಿತು! ದಪ್ಪಗೆ ಬಳಿದರೆ ಬಿರುಕು, ತೆಳ್ಳಗೆ ಬಳಿದರೆ ಮೇಣವೇ ಮಾಯ. ಎಲ್ಲಿಗೆ ಹೋಗುತ್ತದೆ? ಹನ್ನೆರಡನೇ ಬಟ್ಟಲನ್ನು ಸಿಟ್ಟಿನಲ್ಲಿ ಮುರಿದಾಗ ಗೊತ್ತಾಯಿತು. ಬೆಂಡು! ಸಿಪ್ಪೆಯೊಳಗಿನ ಬೆಂಡಿನ ಚೂರುಗಳು ನಾರಿನ ನಡುವೆ ಸ್ಪಂಜಿನ ಹಾಗೆ ಕೂತು ಮೇಣವನ್ನೂ ಹೀರುತ್ತಿದ್ದವು, ನೀರನ್ನೂ ಹೀರುತ್ತಿದ್ದವು.

ಈಗ ಒಣ ಸಿಪ್ಪೆಯನ್ನು ಕುಟ್ಟಿ ಜರಡಿ ಹಿಡಿಯುತ್ತೇನೆ. ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಉದುರಿ ಗೊಬ್ಬರದ ಗುಂಡಿಗೆ ಹೋಗುತ್ತದೆ. ಹೊಟ್ಟೆ ಉರಿಯುತ್ತದೆ, ಏನು ಮಾಡುವುದು. ಉಳಿದ ನಾರನ್ನು ಒದ್ದೆಯಿರುವಾಗಲೇ ಬಿಸಿ ಅಚ್ಚಿನಲ್ಲಿ ಒತ್ತುವುದು. ನೀರು ಆರುತ್ತಾ ನಾರುಗಳು ಹತ್ತಿರ ಬಂದಷ್ಟೂ ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ, ಅಂಟು ಬೇಕಿಲ್ಲ. ಮೇಣವೂ ಮೇಲೆಯೇ ನಿಲ್ಲುತ್ತದೆ. ಹದಿನೈದನೇ ಬಟ್ಟಲಿನ ಅಚ್ಚನ್ನು ಅವಸರಪಟ್ಟು ತೆರೆದೆ. ಒಳಗಿನ ಹಬೆಗೆ ತಳ ಕಪ್ಪೆ ಗಂಟಲಿನ ಹಾಗೆ ಉಬ್ಬಿತು. ಹಬೆ ಹೋಗಲು ಕೆಳಗಡೆ ಜಾಲರಿ ಇಟ್ಟ ಮೇಲೆ ಸರಿಹೋಯಿತು.

    

ನಿನ್ನೆ ಖುಷಿ ಜಾಸ್ತಿಯಾಗಿ ಆ ಹದಿನೇಳನೇ ಬಟ್ಟಲಿಗೇ ಎಣ್ಣೆ ಹಾಕಿಟ್ಟು ಮಲಗಿದೆ. ಎಣ್ಣೆ ತಡೆಯಲು ಕಾರ್ಖಾನೆಗಳಲ್ಲಿ ಫ್ಲೋರಿನ್ ಇರುವ ರಾಸಾಯನಿಕ ಬಳಸಿದ್ದುಂಟು. ಮಣ್ಣಿಗೆ ಹೋದರೂ ಕೊಳೆಯದ ಆ ವಸ್ತು ನನಗೆ ಬೇಡ. ಬೆಳಿಗ್ಗೆ ಎದ್ದು ನೋಡಿದರೆ ಕೆಳಗಿನ ಕಾಗದದ ಮೇಲೆ ದುಂಡಗೆ ಒಂದು ಕಲೆ. ಹದಿನೆಂಟನೆಯದಕ್ಕೆ ಸಿಪ್ಪೆ ಕುಟ್ಟುತ್ತಿದ್ದೇನೆ.