ಮೊಳೆ ಡಬ್ಬಿಯ ಮುಚ್ಚಳದಲ್ಲಿ ಒಂದು ಸೀಳು

ಹೋದ ತಿಂಗಳ ಗಾಳಿಗೆ ನಮ್ಮ ಬೇಲಿಯ ಎರಡು ಹಲಗೆ ಕಿತ್ತುಬಂದವು. ಪಕ್ಕದ ಮನೆ ಅಜ್ಜ ಸುತ್ತಿಗೆ ಹಿಡಿದುಕೊಂಡು ಬಂದರು. ಇನ್ನೊಂದು ಕೈಯಲ್ಲಿ ಹಳೇ ಬಿಸ್ಕೆಟ್ ಡಬ್ಬಿ, ಅದರ ತುಂಬ ಮೊಳೆ. ಮುಚ್ಚಳದ ನಡುವೆ ಉದ್ದಕ್ಕೆ ಒಂದು ಸೀಳು. ನಮ್ಮಲ್ಲಿ ದೇವಸ್ಥಾನದ ಹುಂಡಿಗೆ ಇರುತ್ತಲ್ಲ, ಹಾಗೆ. ಅಂಚು ಒರಟಾಗಿತ್ತು. ಉಳಿ ಇಟ್ಟು ಹೊಡೆದು ಮಾಡಿದ್ದು ಅಂತ ನೋಡಿದರೇ ಗೊತ್ತಾಗುತ್ತಿತ್ತು.

"ಇದ್ಯಾಕೆ ಹೀಗೆ ಕತ್ತರಿಸಿದ್ದೀರಿ?" ಅಂದೆ. ಕೇಳಬಾರದಿತ್ತು. ಆವತ್ತು ಬೇಲಿ ಮುಗಿಯಲಿಲ್ಲ.

ನಾವಿರುವುದು ಮೆಲ್ಬರ್ನಿನ ವೆಸ್ಟ್ ಫುಟ್‌ಸ್ಕ್ರೇಯಲ್ಲಿ. ಮನೆಯಿಂದ ನಡೆದುಕೊಂಡೇ ವಿಟನ್ ಓವಲ್ ಮೈದಾನಕ್ಕೆ ಹೋಗಬಹುದು. ಈ ಊರಲ್ಲಿ ಎಂಬತ್ತು ದಾಟಿದವರನ್ನೂ ಹೆಸರು ಹಿಡಿದೇ ಕರೆಯಬೇಕು. ತಿಪಟೂರಿನವಳಾದ ನನಗೆ ಏಳು ವರ್ಷವಾದರೂ ನಾಲಿಗೆ ಹೊರಳುವುದಿಲ್ಲ. ಎದುರಿಗೆ ಹೇಗೋ ಹೆಸರು ತಪ್ಪಿಸಿಕೊಂಡು ಮಾತಾಡುತ್ತೇನೆ. ಇಲ್ಲಿ ಅಜ್ಜ ಅಂತಲೇ ಬರೆಯುತ್ತೇನೆ.

ಅಜ್ಜ ಅಭಿಮಾನಿಯಾಗಿರುವ ಆಸ್ಟ್ರೇಲಿಯನ್ ಫುಟ್‌ಬಾಲ್ ಕ್ಲಬ್ಬಿನ ಹೆಸರು ವೆಸ್ಟರ್ನ್ ಬುಲ್‌ಡಾಗ್ಸ್. ಆದರೆ ಆ ಹೆಸರನ್ನು ಅವರ ಬಾಯಲ್ಲಿ ನಾನು ಒಂದು ಸಲವೂ ಕೇಳಿಲ್ಲ. ಅವರಿಗದು ಫುಟ್‌ಸ್ಕ್ರೇ, ಖುಷಿಯಾದಾಗ ಬರೀ 'ಸ್ಕ್ರೇ'. 1997ರ ಸೀಸನ್ನಿಗೆ ಹೆಸರು ಬದಲಾಯಿತು. ಆಚೀಚೆ ಬಡಾವಣೆಯವರೂ ನಮ್ಮದು ಅಂದುಕೊಳ್ಳಲಿ, ಜನ ಜಾಸ್ತಿ ಬರಲಿ ಅಂತ. ಟಾರ್ನೀಟ್, ಪಾಯಿಂಟ್ ಕುಕ್ ಕಡೆ ಇಷ್ಟೊಂದು ಕನ್ನಡದವರು ಮನೆ ಮಾಡಿರುವುದನ್ನು ನೋಡಿದರೆ ಲೆಕ್ಕ ತಪ್ಪಿಲ್ಲ ಅಂತ ನನಗನ್ನಿಸುತ್ತದೆ. ಇದನ್ನು ಅಜ್ಜನ ಮುಂದೆ ಹೇಳುವ ಧೈರ್ಯ ಮಾತ್ರ ಇಲ್ಲ.

ಡಬ್ಬಿಯ ಕಥೆ 1989ರದ್ದು. ಕ್ಲಬ್ ಸಾಲದಲ್ಲಿ ಮುಳುಗಿತ್ತು. ಇದನ್ನು ಫಿಟ್ಜ್‌ರಾಯ್ ಕ್ಲಬ್ಬಿನ ಜೊತೆ ಸೇರಿಸಿ 'ಫಿಟ್ಜ್‌ರಾಯ್ ಬುಲ್‌ಡಾಗ್ಸ್' ಮಾಡುತ್ತೇವೆ ಅಂತ ಅಕ್ಟೋಬರ್‌ನಲ್ಲಿ ಸುದ್ದಿ ಬಂತು. ಪೀಟರ್ ಗಾರ್ಡನ್ ಅನ್ನುವ ವಕೀಲರು ಮುಂದೆ ನಿಂತರು. ಐರೀನ್ ಚಾಟ್‌ಫೀಲ್ಡ್ ಅನ್ನುವ ಅಭಿಮಾನಿಯ ಹೆಸರಲ್ಲಿ ಇಲ್ಲಿನ ವಿಕ್ಟೋರಿಯಾ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋದರು. ಕೋರ್ಟು ಸ್ವಲ್ಪ ದಿನ ಕೊಟ್ಟಿತು. ಅಷ್ಟರಲ್ಲಿ ದುಡ್ಡು ಕೂಡಿಸಬೇಕು.

"ಕೆಲಸ ಮುಗಿಸಿ ಬಂದು, ಬಿಸ್ಕೆಟ್ ಎಲ್ಲ ತಟ್ಟೆಗೆ ಸುರಿದು, ಡಬ್ಬಿ ಕತ್ತರಿಸಿಕೊಂಡು ಹೊರಟೆ" ಅಂದರು ಅಜ್ಜ. ಸ್ಟೇಷನ್ ಬಾಗಿಲಲ್ಲಿ, ಮಾರ್ಕೆಟ್ಟಲ್ಲಿ, ಟ್ರಾಫಿಕ್ ಲೈಟಿನ ಹತ್ತಿರ ನಿಂತು ಡಬ್ಬಿ ಅಲ್ಲಾಡಿಸಿದ್ದಂತೆ. ಆಗಷ್ಟೇ ಅಂಗಡಿ ಇಟ್ಟಿದ್ದ ವಿಯೆಟ್ನಾಂ ಹೆಂಗಸೊಬ್ಬರು ಏನು ಎತ್ತ ಕೇಳದೆ ಐದು ಡಾಲರ್ ಹಾಕಿದರಂತೆ. ಯಾರೋ ತೀರಿಕೊಂಡಿರಬೇಕು ಅಂದುಕೊಂಡಿದ್ದರಂತೆ. ಅಜ್ಜ ಇದನ್ನು ಹೇಳಿ ನಗುತ್ತಾರೆ, ಆಮೇಲೆ ಮೂಗು ಒರೆಸಿಕೊಳ್ಳುತ್ತಾರೆ. ಕೆಲವೇ ವಾರಗಳಲ್ಲಿ ಹತ್ತು ಲಕ್ಷ ಡಾಲರ್‌ಗೂ ಜಾಸ್ತಿ ಕೂಡಿತು. ಕ್ಲಬ್ ಉಳಿಯಿತು. ಫಿಟ್ಜ್‌ರಾಯ್ ಉಳಿಯಲಿಲ್ಲ. 1996ರಲ್ಲಿ ಅದು ಬ್ರಿಸ್ಬೇನ್ ತಂಡದೊಳಗೆ ಸೇರಿಹೋಯಿತು. ಆ ಮಾತು ಬಂದಾಗ ಅಜ್ಜ ದನಿ ತಗ್ಗಿಸುತ್ತಾರೆ, ಅದೂ ನಮ್ಮ ಮನೆ ಸಾವೇ ಅನ್ನುವ ಹಾಗೆ.

ಆಟದ ಬಗ್ಗೆ ಎರಡು ಮಾತು. ಕ್ರಿಕೆಟ್ ಮೈದಾನ, ಮೊಟ್ಟೆಯಾಕಾರದ ಚೆಂಡು, ಒಂದೊಂದು ಕಡೆ 18 ಜನ, ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬದೊಳಗೆ ಒದ್ದರೆ 6 ಪಾಯಿಂಟ್, ಪಕ್ಕದಲ್ಲಿ ಹೋದರೂ 1 ಪಾಯಿಂಟ್. ತಪ್ಪಿದ್ದಕ್ಕೂ ಒಂದು ಮಾರ್ಕು ಕೊಡುವ ಮೇಷ್ಟರು ನಮಗೆ ಸಿಗಲಿಲ್ಲ ನೋಡಿ.

ಅಜ್ಜನ ಮನೆಯಲ್ಲಿ ಭಾನುವಾರ ಮಗಳು ಬಂದರೆ ಜಗಳ ಗ್ಯಾರಂಟಿ. ಕ್ಲಬ್ಬಿನ ಎಲ್ಲ ಕಾಲಕ್ಕೂ ದೊಡ್ಡ ಆಟಗಾರ ಯಾರು? ಅಜ್ಜನಿಗೆ ಟೆಡ್ ವಿಟನ್. 321 ಪಂದ್ಯ, 3ನೇ ನಂಬರಿನ ಅಂಗಿ. ಮೈದಾನದ ಹೆಸರೇ ಅವರದ್ದು, ಹೊರಗೆ ಪ್ರತಿಮೆ ಬೇರೆ ನಿಂತಿದೆ. ಮಗಳಿಗೆ ಈಗಿನ ಕ್ಯಾಪ್ಟನ್ ಮಾರ್ಕಸ್ ಬೊಂಟೆಂಪೆಲಿ. "ವಿಟನ್ ಆಡಿದ್ದನ್ನು ನೀನು ನೋಡಿದ್ದೀಯಾ?" ಅಂತ ಅವರು. "ನೀವು ಇವನನ್ನು ಕನ್ನಡಕ ಹಾಕಿಕೊಂಡು ನೋಡಿದ್ದೀರಾ?" ಅಂತ ಇವಳು. ಇಬ್ಬರೂ ಒಪ್ಪುವುದು ಡಾರ್ಸಿ ಮನೆತನದ ವಿಷಯದಲ್ಲಿ ಮಾತ್ರ. ತಾತ ಡೇವಿಡ್, ಅಪ್ಪ ಲ್ಯೂಕ್, ಈಗ 208 ಸೆಂಟಿಮೀಟರ್ ಎತ್ತರದ ಸ್ಯಾಮ್, ಮೂರು ತಲೆಮಾರೂ ಇದೇ ಕ್ಲಬ್ಬಿಗೆ ಆಡಿದ್ದಾರೆ. ಕ್ಲಬ್ಬಿಗೆ ಕನಿಷ್ಠ ನೂರು ಪಂದ್ಯ ಆಡಿದವರ ಮಗನನ್ನು ಅದೇ ಕ್ಲಬ್ ಆರಿಸಿಕೊಳ್ಳಬಹುದು ಅಂತ ಒಂದು ನಿಯಮವೇ ಇದೆ ಇಲ್ಲಿ.

ಈ ದೊಡ್ಡ ಲೀಗಿನಲ್ಲಿ ಕ್ಲಬ್ ಗೆದ್ದ ಕಪ್? ಅದು ಎರಡೇ ಎರಡು. ಮೊದಲನೆಯದು 1954ರಲ್ಲಿ, ಎಂಸಿಜಿ ಅನ್ನುವ ಇಲ್ಲಿನ ದೊಡ್ಡ ಕ್ರಿಕೆಟ್ ಮೈದಾನದಲ್ಲಿ, ಮೆಲ್ಬರ್ನ್ ತಂಡದ ವಿರುದ್ಧ 102–51. ಚಾರ್ಲಿ ಸಟನ್ ಕ್ಯಾಪ್ಟನ್ನೂ ಹೌದು, ಕೋಚೂ ಹೌದು. ಜ್ಯಾಕ್ ಕಾಲಿನ್ಸ್ 7 ಗೋಲು ಹೊಡೆದರು. ಅಜ್ಜನಿಗೆ ಆಗ ಒಂಬತ್ತು ವರ್ಷ, ಅಪ್ಪನ ಜೊತೆ ಹೋಗಿದ್ದರು. "ನಾನು ಕಂಡಿದ್ದು ಜಾಸ್ತಿ ಕೋಟುಗಳ ಬೆನ್ನು" ಅನ್ನುತ್ತಾರೆ. ಆದರೂ ಏಳು ಗೋಲನ್ನೂ ಒಂದೊಂದಾಗಿ ವರ್ಣಿಸುತ್ತಾರೆ! ಎರಡನೆಯದು 2016ರಲ್ಲಿ. ಟೇಬಲ್ಲಿನಲ್ಲಿ 7ನೇ ಸ್ಥಾನದಿಂದ ಹೊರಟು, ಪರ್ತ್‌ಗೆ ಹೋಗಿ ಗೆದ್ದು, ಸಿಡ್ನಿಯಲ್ಲಿ ಸೆಮಿಫೈನಲ್ಲಿನಂಥ ಪಂದ್ಯವನ್ನು 6 ಪಾಯಿಂಟಿನಿಂದ ಗೆದ್ದು, ಕೊನೆಗೆ ಸಿಡ್ನಿ ಸ್ವಾನ್ಸ್ ತಂಡವನ್ನು 89–67ಕ್ಕೆ ಸೋಲಿಸಿದರು. ಕೊನೆಯ ಕ್ವಾರ್ಟರ್ ಪೂರ್ತಿ ಅಜ್ಜ ಬಚ್ಚಲುಮನೆಯಲ್ಲಿ ಚಿಲಕ ಹಾಕಿಕೊಂಡು ಕೂತಿದ್ದರು ಅಂತ ಮಗಳು ಬಾಯಿಬಿಟ್ಟಳು. ಟಾಮ್ ಬಾಯ್ಡ್ ಅಷ್ಟು ದೂರದಿಂದ ಒದ್ದ ಗೋಲನ್ನು ಅಜ್ಜ ಕೇಳಿದ್ದೇ ಹೊರತು ನೋಡಲಿಲ್ಲ. ಕೋಚ್ ಲ್ಯೂಕ್ ಬೆವರಿಜ್, ಮಂಡಿ ಪೆಟ್ಟಾಗಿ ಆಡಲಾಗದ ಕ್ಯಾಪ್ಟನ್ ಬಾಬ್ ಮರ್ಫಿಯನ್ನು ವೇದಿಕೆಗೆ ಕರೆದು ತಮ್ಮ ಮೆಡಲನ್ನೇ ಕೊರಳಿಗೆ ಹಾಕಿದರಲ್ಲ, ಅಷ್ಟೊತ್ತಿಗೆ ಹೊರಗೆ ಬಂದಿದ್ದರು.

62 ವರ್ಷ. ಇದನ್ನು ಮೊದಲ ಸಲ ಕೇಳಿದಾಗ ನನಗೆ ನಮ್ಮ ಆರ್‌ಸಿಬಿ ನೆನಪಾಗದೇ ಇರುತ್ತದಾ? 2025ರ ಜೂನ್ 4, ಇಲ್ಲಿ ಬೆಳಗಿನ ಜಾವ ನಾಲ್ಕು ಗಂಟೆ. ಪಂಜಾಬ್ ವಿರುದ್ಧ 6 ರನ್ನಿನಿಂದ ಗೆದ್ದಾಗ ನಾನು ಕಿರುಚಿದ್ದು ಬೇಲಿ ದಾಟಿ ಕೇಳಿಸಿತ್ತು. ಬೆಳಕು ಹರಿದ ಮೇಲೆ ಅಜ್ಜ ಬಂದು, "ಎಲ್ಲರೂ ಚೆನ್ನಾಗಿದ್ದೀರಾ?" ಅಂತ ಕೇಳಿದರು. ವಿಷಯ ಹೇಳಿದೆ. "ಎಷ್ಟು ವರ್ಷ ಕಾದಿರಿ?" ಅಂದರು. "ಹದಿನೆಂಟು." ಒಂದು ಕ್ಷಣ ನನ್ನ ಮುಖ ನೋಡಿದರು. "ಹದಿನೆಂಟಾ? ಅಷ್ಟೇನಾ?" ಅಂದು ಒಳಗೆ ಹೋಗಿ, ತಮ್ಮ ಗಿಡದ ನಾಲ್ಕು ನಿಂಬೆಹಣ್ಣು ತಂದುಕೊಟ್ಟರು.

ಅದೇ ವರ್ಷ ಬುಲ್‌ಡಾಗ್ಸ್ 14 ಪಂದ್ಯ ಗೆದ್ದೂ 9ನೇ ಸ್ಥಾನಕ್ಕೆ ನಿಂತಿತು. ಆಗ ಫೈನಲ್ಸ್‌ಗೆ ಹೋಗುತ್ತಿದ್ದದ್ದು ಎಂಟೇ ತಂಡ. ಅಜ್ಜ ಒಂದು ವಾರ ಬೇಲಿ ಕಡೆ ತಲೆ ಹಾಕಲಿಲ್ಲ. ನಾನೂ ಸುಮ್ನೆ ಇದ್ದೆ. ಆಮೇಲೆ ಒಂದು ಸಂಜೆ ಅವರಾಗಿಯೇ, "ನಮ್ಮ ಡಿಫೆನ್ಸು..." ಅಂತ ಶುರು ಮಾಡಿದರು.

ಮೊದಲನೇ ಹಲಗೆ ಈಗ ಗಟ್ಟಿಯಾಗಿದೆ. ಎರಡನೆಯದು ಇನ್ನೂ ತಂತಿ ಕಟ್ಟಿಸಿಕೊಂಡು ನಿಂತಿದೆ. ಶನಿವಾರ ಬಂದು ಹೊಡೆದುಕೊಡುತ್ತೇನೆ ಅಂದಿದ್ದಾರೆ. ಶನಿವಾರ ಮ್ಯಾಚ್ ಇದೆ.