ಅಂಚಿನ ಮೇಲಿನ ಹೆಸರು: ಪದಕ ಸಂಗ್ರಹದ ಮಳೆಗಾಲದ ವರದಿ

ಪತ್ತನಾಜೆ (ತುಳುವರ ಬೇಶ ತಿಂಗಳ ಹತ್ತನೆಯ ದಿನ) ಕಳೆದ ಮೇಲೆ

ಸಂಗ್ರಹಕ್ಕೆ ಕೊನೆಗೂ ಒಂದು ಎಲ್ಲೆ ಹಾಕಿಕೊಂಡಿದ್ದೇನೆ. 1956ರ ನವೆಂಬರ್ 1ರವರೆಗೆ ನಮ್ಮ ಕಾಸರಗೋಡು ಸೇರಿದ್ದ ಹಳೆಯ ದಕ್ಷಿಣ ಕನ್ನಡ ಜಿಲ್ಲೆಗೆ ಸಂಬಂಧಪಟ್ಟ ಪದಕಗಳು ಮಾತ್ರ ಸಾಕು. ಒಂದೋ ಅದು ಈ ಸೀಮೆಯ ಇತಿಹಾಸವನ್ನು ಹೇಳಬೇಕು, ಇಲ್ಲವೇ ಇಲ್ಲಿಯವರೊಬ್ಬರ ಎದೆಯ ಮೇಲೆ ತೂಗಿದ್ದಾಗಿರಬೇಕು. ದಿಲ್ಲಿ ದರ್ಬಾರಿನ 1911ರ ಬೆಳ್ಳಿ ಪದಕವೊಂದು ಮಂಗಳೂರಿನಲ್ಲಿ ಮಾರಾಟಕ್ಕೆ ಬಂದಿತ್ತು. ಒಂದು ಬದಿ ಐದನೆಯ ಜಾರ್ಜ್ ಮತ್ತು ರಾಣಿ ಮೇರಿಯ ಜೋಡಿ ಮುಖ, ಇನ್ನೊಂದು ಬದಿ ತುಂಬ ಪಾರಸಿ ಬರಹ. ಕೆಲಸ ಕಣ್ಣಿಗೆ ಹಬ್ಬ. ಆದರೂ ಕೈಬಿಟ್ಟೆ. ಆ ಪದಕಗಳನ್ನು ಹೆಸರು ಕೊರೆಯದೆಯೇ ಹಂಚಿದ್ದರು, ಅಂಚು ಬೋಳು. ಯಾರಿಗೆ ಸಿಕ್ಕಿತ್ತು, ಯಾವ ಊರಿಗೆ ಬಂದಿತ್ತು ಎಂದು ತಿಳಿಯುವ ದಾರಿಯೇ ಇಲ್ಲದ ವಸ್ತುವನ್ನು ಇಟ್ಟುಕೊಂಡು ನಾನು ಮಾಡುವುದೇನು?

ಎಲ್ಲೆ ಹಾಕಿದ ಕೂಡಲೇ ಪಟ್ಟಿಯ ತಲೆಯಲ್ಲಿ ಬಂದು ನಿಂತವು ಎರಡು. ಎರಡೂ ನನ್ನ ಬಳಿ ಇಲ್ಲ, ಛಾಯಾಚಿತ್ರಗಳಷ್ಟೇ ಇವೆ. ಆದರೂ ಇವೆರಡನ್ನು ಬಿಟ್ಟು ಈ ಸೀಮೆಯ ಪದಕಗಳ ಮಾತು ಶುರುವಾಗುವುದಿಲ್ಲ.

ಮೊದಲನೆಯದು 1799ರ ಶ್ರೀರಂಗಪಟ್ಟಣದ ಪದಕ. ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯಲ್ಲಿ ಕ್ಯೂಷ್ಲರ್ ಎಂಬ ಕಲಾವಿದ ಕೊರೆದ ಅಚ್ಚು. ಸಿಂಹವೊಂದು ಹುಲಿಯನ್ನು ಕೆಡವಿಕೊಂಡಿದೆ. ಹುಲಿ ಯಾರೆಂದು ಹೇಳಬೇಕಾಗಿಲ್ಲ. ಹಿಂಬದಿಯಲ್ಲಿ ಕೋಟೆಯ ಮೇಲಿನ ದಾಳಿ. ಚಿನ್ನ, ಚಿನ್ನದ ನೀರು ಕೊಟ್ಟ ಬೆಳ್ಳಿ, ಬೆಳ್ಳಿ, ಕಂಚು, ತವರ ಎಂದು ದರ್ಜೆಗೊಂದು ಲೋಹ. ಜನರಲ್‌ಗಳಿಗೆ ಚಿನ್ನ, ಸಿಪಾಯಿಗೆ ತವರ. ಕಣ್ಣೂರಿನಿಂದ ಕೊಡಗಿನ ಘಟ್ಟ ಹತ್ತಿ ಹೋದ ಮುಂಬಯಿ ಸೈನ್ಯವೂ ಆ ಯುದ್ಧದಲ್ಲಿತ್ತು. ಬೇಕಲ ಕೋಟೆಯೂ ಸೇರಿ ಈ ಕರಾವಳಿ ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ ಹೋದದ್ದು ಆ ಯುದ್ಧದ ಬಳಿಕವೇ.

ಎರಡನೆಯದು ನನ್ನನ್ನು ಇನ್ನೂ ಕಾಡುತ್ತಿದೆ. 1837ರ ಕೊಡಗಿನ ಪದಕ. ಅಮರ ಸುಳ್ಯದ ರೈತರು ಬೆಳ್ಳಾರೆಯ ಖಜಾನೆ ಹಿಡಿದು, ಏಪ್ರಿಲ್ 5ರಂದು ಮಂಗಳೂರನ್ನೇ ಹಿಡಿದು, ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಏರಿಸಿದ ದಂಗೆ ಅದು. ಅದರ ಬಿಸಿ ಕುಂಬಳೆ ಸೀಮೆಗೂ ತಾಗಿತ್ತು. ಅದನ್ನು ಅಡಗಿಸಲು ನೆರವಾದ ಕೊಡಗಿನವರಿಗೆ ಕಂಪೆನಿ ಈ ಪದಕ ಕೊಟ್ಟಿತು; ಕೆಲವರಿಗೆ ಚಿನ್ನದ್ದು, ಉಳಿದವರಿಗೆ ಬೆಳ್ಳಿಯದು. ಮುಂಬದಿಯಲ್ಲಿ ಎಡಗೈಯಲ್ಲಿ ಕೋವಿ ಹಿಡಿದು ಬಲಗೈಯಲ್ಲಿ ಕತ್ತಿ ಎತ್ತಿದ ಕೊಡವ ಯೋಧ, ಅವನ ಸುತ್ತ ಕನ್ನಡ ಅಕ್ಷರಗಳು! ಹಿಂಬದಿಯಲ್ಲಿ ಇಂಗ್ಲಿಷ್. ಕಂಪೆನಿಯ ಪದಕದ ಮೇಲೆ ಕನ್ನಡ ಕಂಡಾಗ ಆದ ಸಂತೋಷವೂ ನಿಜ, ಅದು ಯಾರನ್ನು ಸದೆಬಡಿದದ್ದಕ್ಕೆ ಕೊಟ್ಟದ್ದೆಂದು ನೆನೆದಾಗ ಆದ ಸಂಕಟವೂ ನಿಜ. ಗೆದ್ದವರು ಪದಕ ಮಾಡಿಸುತ್ತಾರೆ. ಸೋತ ರೈತರಿಗೆ ಪದಕವಿಲ್ಲ. ಆದ್ದರಿಂದ ನನ್ನ ಪುಸ್ತಕದಲ್ಲಿ ಈ ಪದಕದ ಹಾಳೆಯ ಎದುರಿನ ಪುಟದಲ್ಲಿ ದಂಗೆಯ ಮುಂದಾಳುಗಳಾದ ಕಲ್ಯಾಣಸ್ವಾಮಿ, ಕೆದಂಬಾಡಿ ರಾಮಯ್ಯ ಗೌಡರ ಹೆಸರುಗಳನ್ನು ಬರೆದಿಟ್ಟಿದ್ದೇನೆ. ಸಂಗ್ರಹ ನನ್ನದು, ಹಾಗಾಗಿ ಈ ಸ್ವಾತಂತ್ರ್ಯವೂ ನನ್ನದು.

ಆಟಿ

ತುಳುವರ ಈ ಮಳೆ ತಿಂಗಳಲ್ಲಿ ಹೊಸತೇನೂ ಸೇರಿಲ್ಲ, ಇದ್ದದ್ದನ್ನು ಉಳಿಸುವ ಕೆಲಸ. ಈ ಮಳೆಯಲ್ಲಿ ಚರ್ಮದ ಚಪ್ಪಲಿಗೇ ಬೂಷ್ಟು ಬರುವಾಗ ಕಂಚು ಸುಮ್ಮನಿರುತ್ತದೆಯೇ? ಕಡಲ ಗಾಳಿಯ ಉಪ್ಪು ತೇವದ ಜೊತೆ ಸೇರಿದರೆ ತಾಮ್ರದ ಮೇಲೆ ಪುಡಿಪುಡಿಯಾದ ತಿಳಿಹಸಿರು ಚುಕ್ಕೆಗಳು ಏಳುತ್ತವೆ. ಗಟ್ಟಿಯಾಗಿ ಕೂತ ಕಂದು ಬಣ್ಣದಿಂದ ಭಯವಿಲ್ಲ, ಅದು ಲೋಹಕ್ಕೆ ರಕ್ಷಣೆ. ಉಗುರು ತಾಗಿದರೆ ಉದುರುವ ಹಸಿರು ಮಾತ್ರ ರೋಗ. ಅಂಥದ್ದನ್ನು ಬೇರೆ ಇಡಬೇಕು, ಒಣಗಿಸಬೇಕು.

ಹಳೆಯ ಮೆತ್ತನೆಯ ಪ್ಲಾಸ್ಟಿಕ್ ಲಕೋಟೆಗಳನ್ನೆಲ್ಲ ಎಸೆದೆ. ಅವುಗಳಲ್ಲಿರುವ ಪಿವಿಸಿ ಕಾಲಕ್ರಮದಲ್ಲಿ ಆಮ್ಲ ಬಿಟ್ಟು ಪದಕಕ್ಕೆ ಅಂಟಂಟು ಹಸಿರು ಮೆತ್ತುತ್ತದೆ. ಈಗ ಪಾಲಿಯೆಸ್ಟರ್ ಲಕೋಟೆ, ಬಿಗಿ ಮುಚ್ಚಳದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್. ಬೆಳ್ಳಿಯ ಹತ್ತಿರ ರಬ್ಬರ್ ಬ್ಯಾಂಡ್, ಉಣ್ಣೆಯ ಬಟ್ಟೆ ಸುಳಿಯಬಾರದು. ಅವುಗಳ ಗಂಧಕದಿಂದ ಬೆಳ್ಳಿ ಕಪ್ಪಾಗುತ್ತದೆ. ಪದಕ ತೂಗುವ ಬಟ್ಟೆಯ ಪಟ್ಟಿಗಳಿಗೆ ಬಿಸಿಲೂ ಬೇಡ, ಬೆಳ್ಳಿಮೀನು ಹುಳದ ಸಹವಾಸವೂ ಬೇಡ.

ಪದಕ ಇರುವ ಮನೆಯವರಿಗೆಲ್ಲ ನಾನು ಕೈಮುಗಿದು ಕೇಳುವುದು ಒಂದೇ: ದಯವಿಟ್ಟು ಹುಣಸೆಹುಳಿ ಹಾಕಿ ತಿಕ್ಕಬೇಡಿ. ದೀಪ ಬೆಳಗುವಂತೆ ಪದಕವನ್ನು ಬೆಳಗಿದರೆ ಹೊಳಪು ಬರುತ್ತದೆ, ಅಂಚಿನ ಅಕ್ಷರ ಸವೆದು ಹೋಗುತ್ತದೆ.

ಸೋಣ

ಆಟಿಯ ಮುಂದಿನ ತಿಂಗಳಾದ ಸೋಣದಲ್ಲಿ ಪೆರ್ಲದ ಕಡೆಯ ಮನೆಯೊಂದರಿಂದ ಕರೆ ಬಂತು. "ಮಾಸ್ಟ್ರೇ, ಅಜ್ಜನ ಪೆಟ್ಟಿಗೆಯಲ್ಲಿ ಎರಡು ಬಿಲ್ಲೆಗಳಿವೆ. ಬೆಳ್ಳಿಯೋ ಏನೋ ನೋಡಿ ಹೇಳುತ್ತೀರಾ?" ಎಂದರು. ಬೆಳ್ಳಿಯಲ್ಲ, ತಾಮ್ರ–ನಿಕ್ಕೆಲ್. ಗುಜರಿಯವರ ತಕ್ಕಡಿಯಲ್ಲಿ ಅದಕ್ಕೆ ಬೆಲೆಯಿಲ್ಲ, ಅದರಿಂದಲೇ ಉಳಿದಿವೆ. ಮೊದಲ ಮಹಾಯುದ್ಧದ ಬೆಳ್ಳಿ ಪದಕಗಳು ಎಷ್ಟೋ ಮನೆಗಳಲ್ಲಿ ಅಕ್ಕಸಾಲಿಗನ ಮೂಸೆ ಸೇರಿ ಕಾಲುಗೆಜ್ಜೆಗಳಾದವು.

ಒಂದು, 1939–45ರ ಯುದ್ಧ ಪದಕ: ಎರಡು ತಲೆಯ ಡ್ರ್ಯಾಗನ್ನನ್ನು ಮೆಟ್ಟಿ ನಿಂತ ಸಿಂಹ. ಇನ್ನೊಂದು, 1947ರ ಭಾರತ ಸ್ವಾತಂತ್ರ್ಯ ಪದಕ. ಇಂಥ ಪದಕವನ್ನು ಅವಸರದಲ್ಲಿ ನೋಡಬಾರದು. ನಡುವೆ ಅಶೋಕ ಚಕ್ರ, ಅದರ ತಲೆಯ ಮೇಲೆ ಕಿರೀಟ, ಸುತ್ತ ಲ್ಯಾಟಿನ್‌ನಲ್ಲಿ ಆರನೆಯ ಜಾರ್ಜ್‌ನ ಬಿರುದಾವಳಿ. ಮಗುಚಿದರೆ ಸಾರನಾಥದ ಸಿಂಹಗಳು, 1947ರ ಆಗಸ್ಟ್ 15. ಹೋಗುವ ದೊರೆ, ಬರುವ ಗಣರಾಜ್ಯ ಎರಡೂ ಅಂಗೈಯಗಲದೊಳಗೆ.

ಚಾವಡಿಯಲ್ಲಿ ಕೂತು ಯುದ್ಧ ಪದಕದ ಅಂಚಿಗೆ ಟಾರ್ಚನ್ನು ಓರೆಯಾಗಿ ಹಿಡಿದೆ. ನೇರ ಬೆಳಕಿನಲ್ಲಿ ಕಾಣದ ಅಕ್ಷರ ಓರೆ ಬೆಳಕಿನ ನೆರಳಿನಲ್ಲಿ ಎದ್ದು ಬರುತ್ತದೆ. ಭೂತಗನ್ನಡಿಯಲ್ಲಿ ಮೊದಲು ಸಂಖ್ಯೆ, ಮತ್ತೆ ಸಿಪಾಯಿ ಎಂಬುದರ ಮೊಟಕು ರೂಪ, ಆಮೇಲೆ ಅಜ್ಜನ ಹೆಸರು, ಕೊನೆಗೆ ಆರ್.ಐ.ಎ.ಎಸ್.ಸಿ.; ಸೈನ್ಯಕ್ಕೆ ಸಾಮಾನು ಸಾಗಿಸುತ್ತಿದ್ದ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್. ಅದೇ ಯುದ್ಧದಲ್ಲಿ ಇಂಗ್ಲೆಂಡಿನ ಸೈನಿಕರಿಗೆ ಈ ಪದಕವನ್ನು ಹೆಸರಿಲ್ಲದೆ ಕೊಟ್ಟರು, ಭಾರತದವರಿಗೆ ಹೆಸರು ಕೊರೆದು ಕೊಟ್ಟರು. ನಮ್ಮ ಪಾಲಿಗೆ ಅದೊಂದು ಭಾಗ್ಯ.

ಅಜ್ಜ ಬರ್ಮಾದಲ್ಲಿದ್ದರು ಎಂಬುದು ಮನೆಯಲ್ಲಿ ಬಾಯಿಮಾತಾಗಿ ಉಳಿದಿತ್ತು, ಕಾಗದಪತ್ರ ಇರಲಿಲ್ಲ. ಪೆಟ್ಟಿಗೆಯ ತಳದಲ್ಲಿ ಬೆರಳುದ್ದದ ಒಂದು ಪಟ್ಟಿ ಸಿಕ್ಕಿತು: ನಡುವೆ ಕೆಂಪು, ಎರಡೂ ಬದಿ ಕಡುನೀಲಿ, ನೀಲಿಯ ನಡುವೆ ಕಿತ್ತಳೆ ಗೆರೆ. ಬರ್ಮಾ ಯುದ್ಧದಲ್ಲಿದ್ದವರಿಗೆ ಕೊಟ್ಟ ನಕ್ಷತ್ರಾಕಾರದ ಪದಕ, ಬರ್ಮಾ ಸ್ಟಾರಿನ ಪಟ್ಟಿ. ನಕ್ಷತ್ರ ಎಲ್ಲೋ ಕಳೆದಿದೆ. ಆದರೆ ಆ ಬಟ್ಟೆಯ ತುಂಡು ಮನೆಯವರ ಮಾತಿನ ಪರ ಸಾಕ್ಷಿ ನುಡಿಯಿತು. ಮೊಮ್ಮಗಳು ಅದನ್ನು ಕೈಗೆ ತೆಗೆದುಕೊಳ್ಳುವ ಮೊದಲು ಸೆರಗಿನಲ್ಲಿ ಕೈ ಒರಸಿಕೊಂಡರು.

ಬೆಲೆ ಹೇಳಿ ಎಂದರು. ಕೊಳ್ಳುವುದಿಲ್ಲ ಎಂದೆ. ಅಂಚಿನಲ್ಲಿ ಹೆಸರಿದ್ದು, ಆ ಹೆಸರಿನವರ ಮನೆ ಇನ್ನೂ ಇದ್ದರೆ ಪದಕ ಅಲ್ಲೇ ಇರಬೇಕು. ಈ ನಿಯಮವನ್ನೂ ಈಗ ಪುಸ್ತಕದ ಮೊದಲ ಪುಟದಲ್ಲಿ ಬರೆದಿದ್ದೇನೆ. ಲಕೋಟೆ, ಸಿಲಿಕಾ ಜೆಲ್ ಕೊಟ್ಟು ಬಂದೆ. ಎರಡು ಬದಿಯ ಮತ್ತು ಅಂಚಿನ ಚಿತ್ರ, ಅಳತೆ, ಮನೆಯವರು ಹೇಳಿದ ಮಾತು ನನ್ನ ಪುಸ್ತಕಕ್ಕೆ.

ಮುಂದಿನ ಕೆಲಸ: ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷ 1972ರಲ್ಲಿ ಸ್ವಾತಂತ್ರ್ಯ ಹೋರಾಟಗಾರರಿಗೆ ಕೊಟ್ಟ ತಾಮ್ರಪತ್ರವೊಂದು ಮುಳ್ಳೇರಿಯದ ಹತ್ತಿರದ ಮನೆಯಲ್ಲಿದೆ ಎಂದು ತಿಳಿಯಿತು. ಗೋಡೆಯ ಮೇಲಿದೆಯಂತೆ, ತೇವ ಎಳೆಯುವ ಪಡುವಣ ಗೋಡೆ. ಮಳೆ ಹೊಳವಾದ ದಿನ ಹೋಗಿ, ಒಳಗಿನ ಗೋಡೆಗೆ ಸರಿಸಲು ಅವರನ್ನು ಒಪ್ಪಿಸಬೇಕು.