ಮಗಳ ಉಡಿ ಹೊತ್ತು ಶ್ರೀಶೈಲಕ್ಕೆ

ಹೋಳಿ ಹುಣ್ಣಿಮೆ ಆಯಿತೆಂದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಹಳ್ಳಿಗಳಲ್ಲಿ ಮಲ್ಲಯ್ಯನ ಕಂಬಿ, ಅಂದರೆ ದೇವರ ಹೆಸರಲ್ಲಿ ಹೆಗಲ ಮೇಲೆ ಹೊರುವ ಅಡ್ಡೆ, ಯಾವತ್ತು ಹೊರಡುತ್ತದೆ ಎಂಬ ಮಾತು ಶುರುವಾಗುತ್ತದೆ. ಯುಗಾದಿಯ ಹೊತ್ತಿಗೆ ಶ್ರೀಶೈಲ ಮುಟ್ಟಬೇಕು. ಈ ಸೀಮೆಯವರಿಗೆ ಅದು ಬೀಗರ ಊರು. ಅಲ್ಲಿಯ ದೇವಿ ಭ್ರಮರಾಂಬೆ ಮನೆಮಗಳು, ಮಲ್ಲಯ್ಯ ಎಂದರೆ ಮಲ್ಲಿಕಾರ್ಜುನ ಅಳಿಯ. ಅಳಿಯನೆಂದ ಮೇಲೆ ಸಲಿಗೆ ಇದ್ದೇ ಇರುತ್ತದೆ. ಬೇಡುವುದೂ ಉಂಟು, ಬೈಯುವುದೂ ಉಂಟು. ‘ಈ ವರ್ಷ ಮಗಳಿಗೆ ಗಂಡು ಕೂಡಿಸು, ಬರೋ ವರ್ಷ ನಡೆದು ಬರ್ತೀನಿ’ ಎಂದು ಹೇಳಿಕೊಂಡ ತಾಯಿ, ಗಂಡನ ಕುಡಿತ ಬಿಡಲೆಂದು ಹರಕೆ ಹೊತ್ತವಳು, ಕಬ್ಬಿನ ಬಾಕಿ ಬಾರದೆ ಸಾಲ ತೀರದವನು, ಎಲ್ಲರೂ ಒಂದೇ ಕಂಬಿಯ ಹಿಂದೆ ನಡೆಯುತ್ತಾರೆ.

ಮಗಳ ಮನೆಗೆ ಬರಿಗೈಲಿ ಹೋಗುವಂತಿಲ್ಲ. ಉಡಿಗಂಟಿನಲ್ಲಿ ಒಂದು ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಒಂದು ಡಜನ್ ಹಸಿರು ಬಳೆ, ಅರಿಶಿನ, ಕುಂಕುಮ ಇರುತ್ತವೆ. ಉಡಿ ತುಂಬಲು ಅಕ್ಕಿ ಅಥವಾ ಗೋದಿ, ಜೊತೆಗೆ ಉತ್ತತ್ತಿ, ಬಟ್ಟಲಡಿಕೆ, ಅರಿಶಿನ ಕೊಂಬು ಐದೈದು, ಕೊಬ್ಬರಿ ಬಟ್ಟಲು. ಹಸಿ ತೆಂಗಿನಕಾಯಿ ಹೊರುವುದು ದಂಡ. ಬಿಸಿಲಿಗೆ ಬಿರಿದು ನೀರು ಸೋರಿದರೆ ಸೀರೆ ಕೆಡುತ್ತದೆ. ಕಾಯಿ ಶ್ರೀಶೈಲದಲ್ಲೇ ಸಿಗುತ್ತದೆ. ಬಳೆಗಳನ್ನು ಖಣದಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ ಇಡಬೇಕು. ಕುಂಕುಮಕ್ಕೆ ಬಿಗಿ ಮುಚ್ಚಳದ ಬೇರೆ ಡಬ್ಬಿ ಬೇಕು, ಬೆವರಿನ ಪಸೆ ತಾಗಿದರೆ ಗಂಟೆಲ್ಲ ಕೆಂಪಾಗುತ್ತದೆ. ಹೆಗಲ ಮೇಲಿನ ಭಾರ ಐದಾರು ಕಿಲೋ ದಾಟದಿರಲಿ. ಹಾಸಿಗೆ, ಅಡುಗೆ ಸಾಮಾನು ಊರಿನ ಟ್ರ್ಯಾಕ್ಟರಿನಲ್ಲೇ ಬರುತ್ತವೆ.

ನಡಿಗೆಯ ವೇಳೆಯೇ ಬೇರೆ. ನಸುಕಿನ ಮೂರಕ್ಕೆ ಎದ್ದು ಹೊರಟರೆ ಹತ್ತರೊಳಗೆ ನೆರಳು ಸೇರಬೇಕು. ಮತ್ತೆ ಹೊರಡುವುದು ನಾಲ್ಕರ ಮೇಲೆ. ಬರಿಗಾಲಿನ ಹರಕೆಯವರಿಗಂತೂ ಮಧ್ಯಾಹ್ನದ ಡಾಂಬರು ಕಾದ ಹಂಚು. ಕತ್ತಲಲ್ಲಿ ರಸ್ತೆಯ ಬಲಬದಿ ಹಿಡಿದರೆ ಎದುರು ಬರುವ ಲಾರಿ ಕಣ್ಣಿಗೆ ಬೀಳುತ್ತದೆ. ಎಡಬದಿಯಲ್ಲಿ ನಡೆಯುವವರಿಗೆ ಹಿಂದಿನಿಂದ ಬರುವ ಗಾಡಿ ಕಾಣದು. ಚೀಲದ ಬೆನ್ನಿಗೆ ಹೊಳೆಯುವ ಪಟ್ಟಿ ಅಂಟಿಸಿಕೊಂಡರೆ ಒಳ್ಳೆಯದು.

ಊಟದ ಚಿಂತೆ ಕಡಿಮೆ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿಯಂಥ ಚಟ್ನಿಪುಡಿ ಹಲವು ದಿನ ಕೆಡುವುದಿಲ್ಲ. ದಾರಿಯುದ್ದಕ್ಕೂ ಭಕ್ತರು ಹಾಕಿದ ದಾಸೋಹದ ಪೆಂಡಾಲುಗಳಲ್ಲಿ ಅನ್ನ ಸಾರು, ಮಜ್ಜಿಗೆ, ಚಹಾ ಸಿಗುತ್ತವೆ. ಕಾಲಿಗೆ ಬಿಸಿನೀರು ಹಾಕಿ ಎಣ್ಣೆ ತಿಕ್ಕುವವರೂ ಇರುತ್ತಾರೆ. ಬರೀ ನೀರು ಕುಡಿಯುತ್ತ ಹೋದವರ ಮೀನಖಂಡ ಮೂರನೆಯ ದಿನ ಹಿಡಿದುಕೊಳ್ಳುತ್ತದೆ, ಬೆವರಿನಲ್ಲಿ ಹೋದ ಉಪ್ಪು ವಾಪಸು ಬಂದಿರುವುದಿಲ್ಲ. ಉಪ್ಪು ಹಾಕಿದ ಮಜ್ಜಿಗೆ ಅಥವಾ ಓಆರ್‌ಎಸ್ ಅದಕ್ಕೇ ಬೇಕು. ಬೊಬ್ಬೆ ಎದ್ದರೆ ಸೂಜಿಯಲ್ಲಿ ದಾರ ಪೋಣಿಸಿ ಹಾಗೇ ಬಿಡುವ ರೂಢಿಯಿದೆ. ಅದು ತಪ್ಪು: ದೂಳು ದಾರದ ಗುಂಟ ಒಳಗಿಳಿದು ಕೀವಾಗುತ್ತದೆ. ಕುದಿಸಿದ ಸೂಜಿಯಿಂದ ಅಂಚಿಗೆ ಚುಚ್ಚಿ, ನೀರು ಒತ್ತಿ ತೆಗೆದು, ಮೇಲಿನ ಚರ್ಮ ಕೀಳದೆ ಮುಲಾಮು ಹಚ್ಚಿ ಪಟ್ಟಿ ಕಟ್ಟಬೇಕು. ಸಕ್ಕರೆ ಕಾಯಿಲೆಯವರು ಬೊಬ್ಬೆಯನ್ನು ತಾವು ಚುಚ್ಚದೆ ಔಷಧದ ಪೆಂಡಾಲಿನಲ್ಲಿ ತೋರಿಸಲಿ. ನೋವು ಗೊತ್ತಾಗದ ಕಾಲಾದ್ದರಿಂದ ರಾತ್ರಿ ಬೇರೆಯವರ ಕೈಲಿ ಅಂಗಾಲು ನೋಡಿಸಿಕೊಳ್ಳಲಿ.

ಕರ್ನೂಲು, ನಂದಿಕೊಟ್ಕೂರು ದಾಟಿ ಆತ್ಮಕೂರಿಗೆ ಬಂದಾಗ ಹೊಲಗಳು ಮುಗಿದು ನಲ್ಲಮಲ ಎದುರಾಗುತ್ತದೆ. ವೆಂಕಟಾಪುರದಿಂದ ಸುಮಾರು 40 ಕಿಲೋಮೀಟರ್ ಕಾಡುದಾರಿ. ಇದು ಹುಲಿ ಸಂರಕ್ಷಿತ ಅರಣ್ಯ, ಶಿವರಾತ್ರಿ ಮತ್ತು ಯುಗಾದಿಯ ಹೊತ್ತಿನಲ್ಲಿ ಮಾತ್ರ ಯಾತ್ರಿಗಳನ್ನು ಬಿಡುತ್ತಾರೆ. ಬೀಡಿ, ಬೆಂಕಿ, ಪ್ಲಾಸ್ಟಿಕ್ ಬೇಡ. ಒಣಗಿದ ಎಲೆಯ ಮೇಲೆ ಒಂದು ಕಿಡಿ ಬಿದ್ದರೆ ಹಿಂದೆ ಬರುವ ಸಾವಿರಾರು ಜನಕ್ಕೆ ದಾರಿಯಿಲ್ಲ. ಫೋನ್ ಬಹುಪಾಲು ಸತ್ತಂತೆಯೇ, ಅದಕ್ಕೆ ಮಕ್ಕಳ ಜೇಬಿನಲ್ಲಿ ಊರು, ಕಂಬಿಯ ಹೆಸರು ಬರೆದ ಚೀಟಿ ಇಡುತ್ತಾರೆ. ನಾಗಲೂಟಿಯ ವೀರಭದ್ರನಿಗೆ ಕೈಮುಗಿದು ಏರಿದರೆ ಪೆದ್ದಚೆರುವು, ಚೆಂಚು ಜನರ ಹಾಡಿ. ಅವರೂ ಮಲ್ಲಯ್ಯನನ್ನು ತಮ್ಮ ನೆಂಟನೆಂದೇ ಕರೆಯುತ್ತಾರೆ. ಬೀಗತನಕ್ಕೆ ಇಲ್ಲಿ ಪೈಪೋಟಿಯಿದೆ.

ಮುಂದೆ ಭೀಮನಕೊಳ್ಳ. ಹೊಸಬರು ಹೆದರುವುದು ಏರಿಗೆ, ಕಾಲು ಮುರಿಯುವುದು ಇಳಿಜಾರಿನಲ್ಲಿ. ಇಡೀ ಮೈಭಾರ ಮಂಡಿಯ ಮೇಲೆ ಬೀಳುತ್ತದೆ, ಬಿಗಿ ಬೂಟಿನವರ ಉಗುರು ಕಪ್ಪಾಗುತ್ತದೆ. ಕೋಲೂರಿ, ಅಡ್ಡಡ್ಡ ಹೆಜ್ಜೆ ಇಟ್ಟು ಇಳಿಯಬೇಕು. ಕೊಳ್ಳ ದಾಟಿ ಮೆಟ್ಟಿಲೇರಿದರೆ ಕೈಲಾಸದ್ವಾರ, ಆಮೇಲೆ ಹಾಟಕೇಶ್ವರ. ಸಾಕ್ಷಿ ಗಣಪತಿ ಕೈಯಲ್ಲಿ ಪುಸ್ತಕ, ಲೇಖನಿ ಹಿಡಿದು ಬಂದವರ ಲೆಕ್ಕ ಬರೆಯುತ್ತಾನೆ ಎಂಬ ನಂಬಿಕೆ. ಹೆಂಗಸರು ಅಲ್ಲಿ ನಿಂತು ಮನೆಯಲ್ಲೇ ಉಳಿದ ಅತ್ತೆ, ಹಾಸಿಗೆ ಹಿಡಿದ ಗಂಡ, ಪರೀಕ್ಷೆಗೆಂದು ಬಾರದ ಮಗನ ಹೆಸರನ್ನೂ ಹೇಳುತ್ತಾರೆ.

ಯುಗಾದಿಯ ನೂಕುನುಗ್ಗಲಿನಲ್ಲಿ ಸ್ಪರ್ಶದರ್ಶನ ಸಿಗುತ್ತದೆಂದು ಲೆಕ್ಕ ಹಾಕಿ ಬರಬಾರದು, ಸಾಮಾನ್ಯವಾಗಿ ದೂರದಿಂದಲೇ ಅಲಂಕಾರ ದರ್ಶನ. ಲಿಂಗ ಮುಟ್ಟಲೇಬೇಕೆಂದರೆ ಜಾತ್ರೆ ಮುಗಿದ ಮೇಲೆ ಬರುವುದು ಮೇಲು. ಗಂಡಸರಿಗೆ ಪಂಚೆ, ಹೆಂಗಸರಿಗೆ ಸೀರೆ. ಭ್ರಮರಾಂಬೆಯ ಗುಡಿಯ ಹಿಂಗೋಡೆಗೆ ಕಿವಿಯಿಟ್ಟರೆ ದುಂಬಿಯ ಝೇಂಕಾರ ಕೇಳುತ್ತದೆಂದು ಜನ ಸಾಲುಗಟ್ಟಿ ನಿಲ್ಲುತ್ತಾರೆ. ಹಬ್ಬದ ಹಿಂದಿನ ರಾತ್ರಿ ವೀರಾಚಾರ: ಮೈಗೆ ಶಸ್ತ್ರ ಚುಚ್ಚಿಕೊಳ್ಳುವುದು, ಅಗ್ನಿಗುಂಡ ಹಾಯುವುದು. ಚಿಕ್ಕ ಮಕ್ಕಳನ್ನು ಆ ಗದ್ದಲಕ್ಕೆ ಒಯ್ಯದಿರುವುದೇ ಲೇಸು. ಯುಗಾದಿಯ ಸಂಜೆ ತೇರು.

ಈ ಬೆಟ್ಟಕ್ಕೆ ಅಕ್ಕಮಹಾದೇವಿ ಬಂದದ್ದು ಸಂಸಾರ ತೊರೆದು. ಪಾತಾಳಗಂಗೆಯಿಂದ ದೋಣಿಯಲ್ಲಿ ಹೋದರೆ ಅವಳ ಹೆಸರಿನ ಗುಹೆಯಿದೆ, ವಚನ ಓದಿದವರು ತಪ್ಪದೆ ಹೋಗುತ್ತಾರೆ. ಕಂಬಿಯ ಜೊತೆ ಬಂದ ಗೃಹಿಣಿಯರ ಬಾಯಲ್ಲಿ ಮಾತ್ರ ಹೆಚ್ಚು ಬರುವುದು ಹೇಮರೆಡ್ಡಿ ಮಲ್ಲಮ್ಮನ ಹೆಸರು. ಅತ್ತೆ ನೆಗೆಣ್ಣಿಯರ ಕಾಟ, ಮುಗ್ಧ ಗಂಡ, ದಾರಿ ತಪ್ಪಿದ ಮೈದುನ ವೇಮ: ಅವಳ ಕಥೆಯಲ್ಲಿ ಇರುವುದೆಲ್ಲ ಅಡುಗೆಮನೆಯ ಕಷ್ಟ. ಅವಳು ಮನೆ ಬಿಡಲಿಲ್ಲ. ಮಲ್ಲಯ್ಯ ಒಲಿದಾಗ ಕೇಳಿದ್ದೂ ತನ್ನ ಕುಲಕ್ಕೆ ಬಡತನ ಬಾರದಿರಲಿ ಎಂದು. ಅತ್ತೆಯ ಮಾತು ಕೇಳಿ ಕೇಳಿ ಬೇಸತ್ತ ಸೊಸೆಗೆ ಈ ಕಥೆ ಕೊಡುವ ಧೈರ್ಯ ದೊಡ್ಡದು. ಆದರೆ ಸಹಿಸುವುದೇ ಭಕ್ತಿ ಎಂದು ಅದನ್ನೇ ಅವಳ ಮೇಲೆ ಹೇರುವ ಹಿರಿಯರೂ ಇದ್ದಾರೆ. ಮಲ್ಲಮ್ಮನ ಕಥೆಯಲ್ಲಿ ಕೊನೆಗೆ ತಿದ್ದಿಕೊಂಡದ್ದು ಮೈದುನ ಎಂಬುದನ್ನು ಅವರು ಮರೆಯುತ್ತಾರೆ.

ಮರಳುವಾಗ ನಡಿಗೆಯಿಲ್ಲ, ಬಸ್ಸು. ಜಾತ್ರೆಗೆ ವಿಶೇಷ ಬಸ್ಸುಗಳಿದ್ದರೂ ತೇರಿನ ಮಾರನೆಯ ದಿನ ಸೀಟು ಸಿಗುವುದು ಕಷ್ಟ. ಸ್ವಂತ ಗಾಡಿಯವರು ನೆನಪಿಡಬೇಕಾದ್ದು ದೋರ್ನಾಲದ ಚೆಕ್‌ಪೋಸ್ಟ್: ಮಾಮೂಲಿ ದಿನಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಕಾಡುರಸ್ತೆ ಬಂದ್. ಕಂಬಿ ಊರು ಸೇರಿದ ಮೇಲೆ ಐದೇಶಿ ಮಾಡಿ ಊರಿಗೆಲ್ಲ ಊಟ ಹಾಕುತ್ತಾರೆ. ಯಾತ್ರೆಗೆ ಹೋಗದವರಿಗೆ ವಿಭೂತಿ, ಕುಂಕುಮ ಅಂದೇ ಹಂಚಿಕೆಯಾಗುತ್ತದೆ, ಮುಂದಿನ ಯುಗಾದಿಗೆ ಕಂಬಿಯ ಜೊತೆ ಹೊರಡುವ ಹರಕೆಯವರು ಹೆಸರು ಹೇಳುವುದೂ ಅದೇ ಪಂಕ್ತಿಯಲ್ಲಿ.